ಮಗುಚದ ಹಾಳೆ

ಕುರ್ಚಿಯನ್ನು ಕಿಟಕಿಯ ಎಡಕ್ಕೆ ಇಡಬೇಕೋ ಬಲಕ್ಕೋ ಎಂಬುದು ಬೆಳಗಿನಿಂದ ಇಂದುವಿನ ತಲೆ ತಿನ್ನುತ್ತಿತ್ತು. ಎಡಕ್ಕಿಟ್ಟರೆ ಮಧ್ಯಾಹ್ನದ ಬಿಸಿಲು ಹೆಗಲ ಮೇಲಿಂದ ಇಳಿದು ಸರಿಯಾಗಿ ಪುಟದ ಮೇಲೆ ಬೀಳುತ್ತದೆ. ಬಲಕ್ಕಿಟ್ಟರೆ ಹಿತ್ತಲಿನ ಪರ್ಸಿಮನ್ ಮರ ಕಾಣುತ್ತದೆ. ಎಲೆಯೆಲ್ಲ ಉದುರಿ ಕಿತ್ತಳೆ ಬಣ್ಣದ ಹಣ್ಣು ಮಾತ್ರ ಉಳಿಯುವ ಕಾಲ ಹತ್ತಿರ ಬಂದಿದೆ, ಓದುತ್ತ ಓದುತ್ತ ತಲೆಯೆತ್ತಿದಾಗ ನೋಡಲು ಏನಾದರೂ ಬೇಕಲ್ಲ. ಓದುವವರಿಗೆ ಇದು ಸಣ್ಣ ವಿಷಯವಲ್ಲ. ಓದಲಾರದವರಿಗೆ ಎಡವೂ ಒಂದೇ, ಬಲವೂ ಒಂದೇ. ಎರಡು ತಿಂಗಳಿಂದ ತಾನು ಓದಲಾರದವರ ಕಡೆಗೆ ಸೇರಿಬಿಟ್ಟಿದ್ದೇನೆ ಎಂಬುದು ಇಂದುವಿಗೆ ಗೊತ್ತಿತ್ತು, ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅವಳು ಕುರ್ಚಿಯನ್ನು ಮತ್ತೆ ಎಡಕ್ಕೆ ತಳ್ಳಿದಳು, ಕಾಲಿಡುವ ಮಣೆಯನ್ನು ಸರಿಸಿದಳು, ಕೌದಿಯನ್ನು ಮಡಿಸಿ ಕುರ್ಚಿಯ ಕೈ ಮೇಲೆ ಹಾಕಿದಳು, ಅಲ್ಲಿಂದ ತೆಗೆದು ಬೆನ್ನಿನ ಮೇಲೆ ಹಾಕಿದಳು. ದೇವರ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಗಂಡ ಅಚ್ಯುತ ಇಣುಕಿ ನೋಡಿ, "ಎಡಕ್ಕೇ ಇರ್ಲಿ ಬಿಡು, ಲೈಟು ಚೆನ್ನಾಗಿ ಬೀಳತ್ತೆ" ಎಂದ. "ಹೂಂ, ನಾನೂ ಅದೇ ನೋಡ್ತಿದ್ದೆ" ಎಂದಳು ಇಂದು.

ಈ ಮೂಲೆಗಾಗಿ ಅವಳು ಮೂವತ್ತು ವರ್ಷ ಕಾದಿದ್ದಳು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ; ದಿನವಿಡೀ ಊರವರ ತಪ್ಪು ಹುಡುಕಿ, ಸಂಜೆ ಫ್ರೀವೇಯಲ್ಲಿ ತೆವಳಿಕೊಂಡು ಸರಟೋಗಾದ ಮನೆಗೆ ಬಂದು, ಅನ್ನಕ್ಕಿಟ್ಟು, ಮಗನಿಗೆ ಹೋಂವರ್ಕು ಮಾಡಿಸಿ, ಪುಸ್ತಕ ಹಿಡಿದು ಎರಡು ಸಾಲು ಓದುವುದರೊಳಗೆ ಪುಸ್ತಕ ಎದೆಯ ಮೇಲೆ ಮಲಗುತ್ತಿತ್ತು. ಆದರೂ ಮೈಸೂರಿಗೆ ಹೋದಾಗಲೆಲ್ಲ ಒಂದು ಸೂಟ್‌ಕೇಸು ಪುಸ್ತಕಕ್ಕೇ ಮೀಸಲು. ಉಪ್ಪಿನಕಾಯಿಗೆ ಜಾಗ ಸಾಲದಾಗ ಅತ್ತೆ, "ಅಲ್ಲಮ್ಮ, ಇದನ್ನೆಲ್ಲ ಯಾವಾಗ ಓದ್ತೀಯ" ಎಂದು ಕೇಳುತ್ತಿದ್ದರು. "ರಿಟೈರ್ ಆದ್ಮೇಲೆ" ಎನ್ನುತ್ತಿದ್ದಳು. ಆ ಒಂದು ಮಾತಿನ ಆಧಾರದ ಮೇಲೆ ಪುಸ್ತಕಗಳು ಬೀರುವಿನಿಂದ ಮಂಚದ ಕೆಳಗೆ, ಮಂಚದ ಕೆಳಗಿನಿಂದ ಗ್ಯಾರೇಜಿಗೆ ಬೆಳೆದುಕೊಂಡು ಹೋದವು. ಜೂನ್‌ನಲ್ಲಿ ಆಫೀಸಿನವರು ಕೇಕು ಕತ್ತರಿಸಿ ಕಳಿಸಿಕೊಟ್ಟರು. ಮರುದಿನವೇ ಓದಬಹುದಿತ್ತು. ಆದರೆ ಬೇಸಿಗೆಯಲ್ಲಿ ನೆಂಟರ ಓಡಾಟ, ಸೆಕೆ, ಕಾಡಿನ ಬೆಂಕಿಯ ಹೊಗೆ. ಶರತ್ಕಾಲ ಬರಲಿ, ಕೌದಿ ಹೊದ್ದು ಕೂರುವಷ್ಟು ಚಳಿ ಬರಲಿ, ಆಮೇಲೆ ನೆಮ್ಮದಿಯಾಗಿ ಶುರು ಮಾಡೋಣ ಎಂದು ಮುಂದಕ್ಕೆ ಹಾಕಿದವಳು ಅವಳೇ. ಹಸಿದವಳು ಎಲೆ ಹಾಕಿ, ನೀರು ಚಿಮುಕಿಸಿ, ತುಪ್ಪ ಕಾಯಲಿ ಎಂದು ಕೂತಂತೆ.

ಅಚ್ಯುತ ಈ ಕುರ್ಚಿಗಾಗಿ ಲಾಸ್ ಗ್ಯಾಟೋಸಿನ ಅಂಗಡಿಯಲ್ಲಿ ಒಂದು ಇಡೀ ಶನಿವಾರ ಕಳೆದಿದ್ದ. ಅಲ್ಲಿದ್ದ ಅಷ್ಟೂ ಕುರ್ಚಿಗಳ ಮೇಲೆ ಕೈಯಲ್ಲಿ ಪುಸ್ತಕ ಹಿಡಿದಂತೆ ಕೂತು, ಕತ್ತು ಬಗ್ಗಿಸಿ, ಎದ್ದು, ಮತ್ತೆ ಕೂತು ನೋಡಿದ್ದ. ಕಾರು ಕೊಳ್ಳುವಾಗಲೂ ಇಷ್ಟು ಯೋಚನೆ ಮಾಡಿದವನಲ್ಲ. ಕತ್ತು ಬಾಗುವ ದೀಪ ಹುಡುಕಿ ತಂದ. ಕಾಫಿಯ ಫ್ಲಾಸ್ಕು ಇಡಲು ಕುರ್ಚಿಯ ಕೈಗೆ ಸಮನಾದ ಸಣ್ಣ ಮೇಜು ತಂದ, ಸಮ ಇಲ್ಲವೆಂದು ಅದರ ಕಾಲು ಕೊಯ್ದ. ಸೊಸೆ ನಿಹಾರಿಕಾ ಧಾರವಾಡದ ತಾಯಿಗೆ ಹೇಳಿ ಹಳೆಯ ಇಳಕಲ್ ಸೀರೆಗಳ ಕೌದಿ ಹೊಲಿಸಿ ತರಿಸಿಕೊಟ್ಟಳು. ಎಲ್ಲರೂ ಎಷ್ಟು ಒಳ್ಳೆಯವರು ಎಂದು ಇಂದುವಿಗೆ ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಕೆಟ್ಟವರಾಗಿದ್ದರೆ ಸುಳ್ಳು ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಎದ್ದವಳೇ ದಿಂಬಿನ ಪಕ್ಕದ ಪುಸ್ತಕ ಎತ್ತಿಕೊಂಡಿದ್ದಳು. ಒಳಗೆ ಯಾವುದೋ ಬೇರೆ ಭಾಷೆ. ತೆಲುಗೋ, ಸಿಂಹಳವೋ, ಅಚ್ಯುತ ಯಾರದೋ ಪುಸ್ತಕ ತಂದಿಟ್ಟಿದ್ದಾನೆ ಎಂದುಕೊಂಡಳು. ಮುಚ್ಚಿ ನೋಡಿದರೆ ರಕ್ಷಾಪುಟದ ಚಿತ್ರ ಅವಳದೇ ಪುಸ್ತಕದ್ದು. ಗುಂಡಗುಂಡಗೆ, ಸಾಲು ಸಾಲಾಗಿ ಅಕ್ಷರಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು, ಆದರೆ ಒಂದೂ ತಾನು ಯಾರೆಂದು ಹೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತಲೆಯ ಹಿಂಭಾಗದ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಕೈ ಸರಿ, ಕಾಲು ಸರಿ, ಮಾತು ಸರಿ, "ಯೂ ಆರ್ ವೆರಿ ಲಕ್ಕಿ" ಎಂದರು ಡಾಕ್ಟರು. ತರಬೇತಿ ಕೊಡಲು ಬಂದ ಹುಡುಗಿ ಇಂಗ್ಲಿಷ್ ಕಾರ್ಡುಗಳನ್ನು ಹಿಡಿದು ತೋರಿಸಿದಳು. ಒಂದೊಂದಾಗಿ ಬಿಡಿಬಿಡಿಯಾಗಿ ನಿಲ್ಲುವ ಆ ಅಕ್ಷರಗಳು ನಿಧಾನಕ್ಕೆ ಮರಳಿ ಬಂದವು. ಮಾತ್ರೆಯ ಹೆಸರು, ರಸ್ತೆಯ ಬೋರ್ಡು ಓದುವಷ್ಟಾಯಿತು. ಕನ್ನಡ ಬರಲಿಲ್ಲ. ಅಲ್ಲಿ ಕನ್ನಡದ ಕಾರ್ಡು ಹಿಡಿದು ತೋರಿಸುವವರೂ ಇರಲಿಲ್ಲ. ಮನೆಗೆ ಹೊರಟ ದಿನ ಪಾರ್ಕಿಂಗಿನಲ್ಲಿ ಅಚ್ಯುತ ಕಾರು ಶುರು ಮಾಡದೆ, ಎರಡು ಕೈಯಲ್ಲೂ ಸ್ಟೀರಿಂಗು ಹಿಡಿದುಕೊಂಡು, ಎದುರಿನ ಗೋಡೆ ನೋಡುತ್ತ, "ಕನ್ನಡ?" ಎಂದು ಕೇಳಿದ್ದ. ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು. "ಅದೂ ಬಂತು" ಎಂದಿದ್ದಳು ಇಂದು. ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟ. ಅಷ್ಟು ಸಂತೋಷವನ್ನು ವಾಪಸು ಕಿತ್ತುಕೊಳ್ಳುವುದು ಹೇಗೆಂದು ಆಮೇಲೆ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಶುರುವಾದದ್ದು ನಾಟಕ. ಪಕ್ಕದಲ್ಲಿ ಅಚ್ಯುತ ಕೂತಿದ್ದರೆ ಪುಸ್ತಕ ಬಿಡಿಸಿ, ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟು ಹೊತ್ತು ಬಿಟ್ಟು ಮಗುಚುತ್ತಿದ್ದಳು, ನಡುನಡುವೆ ಒಂದು ಮುಗುಳ್ನಗೆ. "ಎಷ್ಟನೇ ಪುಟ?" ಎಂದು ಅವನು ಕೇಳಿದರೆ ಬಾಯಿಗೆ ಬಂದ ನಂಬರು. ಮನೆಯವರ ಗುಂಪಿನಲ್ಲಿ ಬರುವ ಕನ್ನಡ ಮೆಸೇಜುಗಳಿಗೆಲ್ಲ ಚಿತ್ರ ನೋಡಿ ಉತ್ತರ ಕೊಡುತ್ತಿದ್ದಳು. ಒಂದು ದಿನ ಚಿಕ್ಕಪ್ಪನವರು ಹಲ್ಲು ಬಿಟ್ಟುಕೊಂಡು ನಗುತ್ತಿದ್ದ ಫೋಟೋ ಬಂತು, ಕೆಳಗೆ ನಾಲ್ಕು ಸಾಲು. ಎಂಬತ್ತು ತುಂಬಿರಬೇಕೆಂದು ಕೇಕಿನ ಚಿತ್ರ ಕಳಿಸಿದಳು. ಚಿಕ್ಕಪ್ಪ ತೀರಿಕೊಂಡಿದ್ದರು. ಬೆರಳು ಜಾರಿತು ಎಂದು ಎಲ್ಲರಿಗೂ ಫೋನು ಮಾಡಿ ಹೇಳಿದ್ದಾಯಿತು. ಚಿಕ್ಕಮ್ಮ "ಇರ್ಲಿ ಬಿಡೆ, ಅವ್ರಿಗೂ ಕೇಕು ಇಷ್ಟ ಇತ್ತು" ಎಂದಾಗ ಇಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು.

ಎಲ್ಲಕ್ಕಿಂತ ಕಷ್ಟ ಪರ್ವೀನಳ ಫೋನು. ಪರ್ವೀನ್ ಮೈಸೂರಿನವಳೇ, ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಡಬ್ಲಿನ್ನಿನಲ್ಲಿ ಮನೆ; ಹಳೆಯ ಆಫೀಸಿನ ಕ್ಯಾಂಟೀನಿನಲ್ಲಿ ಕನ್ನಡ ಪುಸ್ತಕ ಹಿಡಿದು ಕೂತಿದ್ದವಳನ್ನು ಇಂದುವೇ ಹೋಗಿ ಮಾತಾಡಿಸಿದ್ದು. ಅಂದಿನಿಂದ ಅವರಿಬ್ಬರದೊಂದು ಪದ್ಧತಿ. ಯಾವ ಪುಸ್ತಕ ತಂದರೂ ಎರಡು ಪ್ರತಿ, ಇವಳ ಮನೆಯಲ್ಲಿ ಇವಳು, ಅವಳ ಮನೆಯಲ್ಲಿ ಅವಳು ಓದಿ, ಸಂಜೆ ಫೋನಿನಲ್ಲಿ "ಎಲ್ಲಿಗೆ ಬಂದೆ?" ಎಂದು ಕೇಳಿಕೊಳ್ಳುವುದು. ಕೆಲಸದ ವರ್ಷಗಳಲ್ಲಿ ಇಬ್ಬರೂ ವಾರಕ್ಕೆ ನಾಲ್ಕು ಪುಟ ದಾಟುತ್ತಿರಲಿಲ್ಲ, ಆ ನಾಲ್ಕು ಪುಟಕ್ಕೆ ನಲವತ್ತು ಪುಟದ ಜಗಳ. ಈ ಎರಡು ತಿಂಗಳಲ್ಲಿ ಇಂದು ಒಂದು ಉಪಾಯ ಕಂಡುಕೊಂಡಿದ್ದಳು. ಮೊದಲು ಪರ್ವೀನಳೇ ಹೇಳಲಿ ಎಂದು ಬಿಡುವುದು, ಹೂಂ ಹೂಂ ಅನ್ನುವುದು, ಅವಳದೇ ಮಾತನ್ನು ಸ್ವಲ್ಪ ತಿರುಚಿ ಅವಳಿಗೇ ಒಪ್ಪಿಸುವುದು. ಮೊನ್ನೆ ಪರ್ವೀನ್ ಯಾರನ್ನೋ ಕುರಿತು, "ಈಗ ಯಾರು ಓದ್ತಾರೆ ಬಿಡು, ಎಲ್ಲಾ ಓದಿದ ಹಾಗೆ ಆಡ್ತಾರೆ" ಎಂದಳು. ಇಲ್ಲಿನವರ ಹಬ್ಬಕ್ಕೆಂದು ಬೀದಿಯ ಮನೆಗಳ ಮೆಟ್ಟಿಲ ಮೇಲೆಲ್ಲ ಕುಂಬಳಕಾಯಿ ಇಟ್ಟಿರುವ ಕಾಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇಂದು, ಕುಕ್ಕರು ಕೂಗುತ್ತಿದೆ ಎಂದು ಫೋನಿಟ್ಟುಬಿಟ್ಟಳು. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಹೀಗಿರುವಾಗ ನವರಾತ್ರಿ ಬಂತು, ಸರಸ್ವತಿ ಪೂಜೆ ಬಂತು. ಪುಸ್ತಕಗಳನ್ನು ಪೂಜೆಗೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವ ಹಾಗಿಲ್ಲ. ಇಂದುವಿನ ತವರಿನಲ್ಲಿ ಔಷಧದ ಶೀಶೆಯ ಮೇಲಿನ ಚೀಟಿಯನ್ನೂ ಓದಬಾರದು ಎನ್ನುವಷ್ಟು ಮಡಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಇಂದು ಉತ್ಸಾಹದಿಂದ ಬೀರು, ಮಂಚದ ಕೆಳಗು, ಗ್ಯಾರೇಜು ಎಲ್ಲ ಕಡೆಯಿಂದ ಪುಸ್ತಕ ಹೊತ್ತು ತಂದು ಮಣೆಯ ಮೇಲೆ ರಾಶಿ ಹಾಕಿ ಅರಿಶಿನ ಕುಂಕುಮ ಇಟ್ಟಳು. ಅಚ್ಯುತ ತನ್ನ ಲ್ಯಾಪ್‌ಟಾಪು ಇಟ್ಟ, ಅವಳ ಟ್ಯಾಬ್ಲೆಟ್ಟನ್ನೂ, "ಇದೂ ಪುಸ್ತಕಾನೇ ತಾನೆ" ಎಂದು, ಮೇಲೊಂದು ಸೇವಂತಿಗೆ ಸಿಕ್ಕಿಸಿ ಇಟ್ಟುಬಿಟ್ಟ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಅವಳು ಕದ್ದು ಕತೆ ಕೇಳುತ್ತಿದ್ದುದು ಅದರಲ್ಲೇ. ಅದೂ ಹೋಯಿತಲ್ಲ ಎಂದು ಒಂದು ಕ್ಷಣ ಅನ್ನಿಸಿದರೂ, ಆ ದಿನಗಳು ಅವಳಿಗೆ ಹಬ್ಬವೇ ಆಗಿದ್ದವು. ಯಾರೂ ಓದುತ್ತಿಲ್ಲ. ಯಾರೂ ಎಷ್ಟನೇ ಪುಟ ಎನ್ನುತ್ತಿಲ್ಲ. ಖಾಲಿ ಕೈಯಲ್ಲಿ ಕೂತ ಅಚ್ಯುತನ ಎದುರು ಅವಳೂ ಖಾಲಿ ಕೈಯಲ್ಲಿ ಕೂತು ಕಾಫಿ ಕುಡಿದಳು. ಲೋಕವೆಲ್ಲ ತನ್ನ ಮಟ್ಟಕ್ಕೆ ಇಳಿದು ಬಂದು ಪಕ್ಕದಲ್ಲಿ ಕೂತಿದೆ ಎನ್ನಿಸಿ, ಶಾರದೆಯ ಪಟದ ಮುಂದೆ ನಿಂತು ನಿಜವಾಗಿಯೂ ಕೈಮುಗಿದಳು.

ಇವತ್ತು ದಶಮಿ. ಪುಸ್ತಕ ತೆಗೆಯುವ ದಿನ. ತೆಗೆದ ಕೂಡಲೇ ಮನೆಯವರೆಲ್ಲ ನಾಲ್ಕು ಸಾಲಾದರೂ ಗಟ್ಟಿಯಾಗಿ ಓದಬೇಕು ಎಂಬುದು ಅವಳೇ ತವರಿನಿಂದ ತಂದ ಪದ್ಧತಿ. ಓದದವರ ಮೇಲೆ ಸರಸ್ವತಿ ವರ್ಷವಿಡೀ ಮುನಿಸಿಕೊಳ್ಳುತ್ತಾಳೆ ಎಂದು ಮಗನನ್ನು ಹೆದರಿಸಿ ಬೆಳೆಸಿದವಳೂ ಅವಳೇ. ಮಗ ಅಭಿರಾಮ್, ನಿಹಾರಿಕಾ, ಮೊಮ್ಮಗಳು ನಿಸರ್ಗಾ ಆಗಲೇ ಬಂದಿದ್ದರು. ಮಧ್ಯಾಹ್ನದ ಮುಹೂರ್ತದಲ್ಲಿ ಮಗುವಿಗೆ ಅಕ್ಷರಾಭ್ಯಾಸ. ಪರ್ವೀನ್ ಪ್ರತಿ ವರ್ಷದಂತೆ ಶಾವಿಗೆ ಪಾಯಸದ ಡಬ್ಬಿ ಹಿಡಿದು ಬಂದಳು. ಅವಳ ಚೀಲದಲ್ಲಿ ಪುಸ್ತಕವಿದೆ ಎಂದು ಅದರ ಭಾರ ನೋಡಿದರೇ ತಿಳಿಯುತ್ತಿತ್ತು.

ಇಂದು ಯೋಚನೆ ಮಾಡಿಟ್ಟುಕೊಂಡಿದ್ದಳು. ಹುಡುಗಿಯಾಗಿದ್ದಾಗಿನ ಒಂದು ಹಳೆಯ ಕಾದಂಬರಿ, ಮುಖಪುಟದಲ್ಲಿ ದೋಣಿಯ ಚಿತ್ರ, ಮೊದಲ ಅಧ್ಯಾಯ ಅವಳಿಗೆ ಬಾಯಿಪಾಠ. ದೋಣಿ ಗುರುತು ಹಿಡಿಯಲು ಅಕ್ಷರ ಬೇಕಾಗಿಲ್ಲ. ಅಚ್ಯುತ ಮಂಗಳಾರತಿ ಮಾಡಿ, ಪುಸ್ತಕದ ರಾಶಿಯನ್ನು ಒಂದಿಷ್ಟು ಕದಲಿಸಿ, ಮೇಲಿನದನ್ನು ತೆಗೆದುಕೊಂಡು ನಾಲ್ಕು ಸಾಲು ಓದಿದ. ಅಭಿರಾಮ್ ಚಿಕ್ಕವನಾಗಿದ್ದಾಗಿನ ಕತೆಪುಸ್ತಕ ಹಿಡಿದು, ಒತ್ತಕ್ಷರ ಬಂದ ಕಡೆಯೆಲ್ಲ ಎಡವಿ, ಮೂರನೇ ಸಾಲಿಗೆ "ಮೀಟಿಂಗಿದೆ ಅಮ್ಮ" ಎಂದು ಕುಂಕುಮ ಹತ್ತಿದ ಅಪ್ಪನ ಲ್ಯಾಪ್‌ಟಾಪು ಎತ್ತಿಕೊಂಡು ಒಳಗೆ ಹೋದ. ನಿಹಾರಿಕಾ ಅಡುಗೆ ಪುಸ್ತಕದಿಂದ ಹೋಳಿಗೆ ಮಾಡುವ ವಿಧಾನ ಓದಿ ನಗಿಸಿದಳು. ಇಂದುವಿನ ಸರದಿ. ಯಾವ ಪುಸ್ತಕವೆಂದು ಫೋನಿನಲ್ಲೇ ಕೇಳಿಕೊಂಡಿದ್ದ ಪರ್ವೀನ್ ಪಕ್ಕದಲ್ಲಿ ತನ್ನ ಚೀಲದಿಂದ ಅದೇ ದೋಣಿಯ ಪುಸ್ತಕ ತೆಗೆದು, "ಯಾವ ಪುಟ?" ಎಂದಳು. "ಮೊದಲ್ನೇದು" ಎಂದಳು ಇಂದು, ಮತ್ತು ಶುರು ಮಾಡಿದಳು. ಮೊದಲ ಸಾಲು ತಡವರಿಸಿ ಬಂತು. ಆಮೇಲೆ ಮಾತು ತಾನೇ ದಾರಿ ಹಿಡಿದು ಹೊರಟಿತು. ಹೊಳೆದಂಡೆ, ಕಾಯುತ್ತಿದ್ದ ಹೆಂಗಸು, ಬಾರದ ದೋಣಿ. ಕಣ್ಣಿನ ಮುಂದೆ ಕಪ್ಪು ಸಾಲುಗಳು, ಬಾಯಲ್ಲಿ ಮಾತುಗಳು. ಎರಡೂ ಒಂದೇ ಕಡೆಯಿಂದ ಬರುತ್ತಿವೆ ಎಂದು ಅವಳಿಗೇ ನಂಬಿಕೆ ಬರುವಷ್ಟು ಚೆನ್ನಾಗಿ ಬಂತು. ನಾಲ್ಕು ಸಾಲು ಸಾಕಾಗಿತ್ತು. ಆದರೆ ಓದುತ್ತಿದ್ದೇನೆ ಎನ್ನುವ ಆ ಸುಖವನ್ನು ಬಿಡಲು ಮನಸ್ಸು ಬರಲಿಲ್ಲ, ಹೆಂಗಸು ಮನೆಗೆ ಮರಳಿ ದೀಪ ಹಚ್ಚುವವರೆಗೂ ಹೋದಳು. "ಅತ್ತೀ, ನೀವು ಓದ್ಲಿಕ್ಕೆ ಹತ್ತಿದ್ರ ಸುಮ್ನ ಕೇಳ್ಕೋತ ಕೂಡಬೇಕು ಅನಸ್ತದ" ಎಂದಳು ನಿಹಾರಿಕಾ. ಅಚ್ಯುತನ ಮುಖ ಅರಳಿತ್ತು. ಪರ್ವೀನ್ ಮಾತ್ರ ತನ್ನ ಪುಸ್ತಕವನ್ನೊಮ್ಮೆ, ಇಂದುವಿನ ಕೈಯನ್ನೊಮ್ಮೆ ನೋಡಿ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು.

ಅಡುಗೆಮನೆಯಲ್ಲಿ ಇಂದು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಾಗ ಪರ್ವೀನ್ ಬಂದು ಪಕ್ಕದಲ್ಲಿ ನಿಂತಳು.

"ಆ ಪುಟ ಹೊಳೆದಂಡೇಲೇ ಮುಗಿಯತ್ತೆ" ಎಂದಳು. "ನೀನು ಮನೆಗೆ ಬಂದು ದೀಪ ಹಚ್ಚಿದೆ. ಹಾಳೆ ಮಗುಚ್ಲೇ ಇಲ್ಲ."

ಇಂದುವಿನ ಚಾಕು ನಿಂತಿತು. ಹೌದಾ, ಮಗುಚಿದ ಹಾಗಿತ್ತಲ್ಲ ಎನ್ನಬಹುದಿತ್ತು. ಬಾಯಿಪಾಠ ಇತ್ತಲ್ಲ, ಹಾಗೇ ಹೇಳಿಬಿಟ್ಟೆ ಎಂದು ನಕ್ಕುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಇಂಥ ಎಷ್ಟು ತೂತು ಮುಚ್ಚಿದ್ದಳೋ.

"ಎರಡು ತಿಂಗ್ಳಿಂದ ಫೋನಲ್ಲಿ ನಾನೊಬ್ಳೇ ಮಾತಾಡ್ತಿದೀನಿ ಇಂದು. ನೀನು ಹೂಂ ಅಂತೀಯ, ಕುಕ್ಕರು ಅಂತೀಯ. ನನ್ ಜೊತೆ ಓದೋದು ನಿಂಗೆ ಸಾಕಾಯ್ತೇನೋ ಅಂದ್ಕೊಂಡೆ. ಹುಷಾರಿಲ್ಲದೇ ಎದ್ದಿದಾಳೆ, ಕೇಳೋದು ಹೇಗೆ ಅಂತ ಸುಮ್ನಿದ್ದೆ. ಈ ಸಲ ಬರೋದೇ ಬೇಡ ಅಂತಿದ್ದೆ, ನಿಜ ಹೇಳ್ಬೇಕಂದ್ರೆ."

ತನ್ನ ಸುಳ್ಳಿನಿಂದ ತಾನೊಬ್ಬಳೇ ಸುಟ್ಟುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು ಇಂದು. ಡಬ್ಲಿನ್ನಿನ ಮನೆಯಲ್ಲಿ ಇನ್ನೊಬ್ಬಳು ಪ್ರತಿ ಸಂಜೆ ಫೋನಿಟ್ಟ ಮೇಲೆ ತನ್ನಿಂದೇನು ತಪ್ಪಾಯಿತೆಂದು ಲೆಕ್ಕ ಹಾಕುತ್ತ ಕೂತಿರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

"ಅಕ್ಷರ ಕಾಣ್ಸತ್ತೆ ಪರ್ವೀನ್" ಎಂದಳು, ಸೌತೆಕಾಯಿ ನೋಡುತ್ತ. "ಗುರುತು ಸಿಗಲ್ಲ."

"ಒಂದೂನೂ?"

"ಒಂದೂನೂ."

ಪರ್ವೀನ್ ಅಯ್ಯೋ ಎನ್ನಲಿಲ್ಲ, ತಬ್ಬಿಕೊಳ್ಳಲಿಲ್ಲ. ಇಂದುವಿನ ಕೈಯಿಂದ ಚಾಕು ತೆಗೆದುಕೊಂಡು, ಉಳಿದರ್ಧ ಸೌತೆಕಾಯಿಯನ್ನು ತಾನೇ ಹೆಚ್ಚಿದಳು. ಅಷ್ಟರಲ್ಲಿ ಹಾಲಿನಿಂದ ನಿಹಾರಿಕಾ ಕರೆದಳು. "ಅತ್ತೀ, ಮುಹೂರ್ತ ಆಗ್ಯದ ಅಂತಾರ ನೋಡ್ರಿ ಮಾವಾರು. ನಿಸರ್ಗಾನ್ನ ನೀವೇ ತೊಡಿ ಮ್ಯಾಲೆ ಕೂಡಿಸ್ಕೋಬೇಕು."

ಪಟದ ಮುಂದೆ ತಟ್ಟೆಯ ತುಂಬ ಅಕ್ಕಿ ಹರಡಿತ್ತು. ಒಳಗೆ ಅಭಿರಾಮನ ಮೀಟಿಂಗು ಇನ್ನೂ ನಡೆದೇ ಇತ್ತು. ರೇಷ್ಮೆ ಲಂಗ ತೊಟ್ಟ ಮಗು ತೊಡೆಯೇರಿ ಕೂತಾಗ ಆ ಬೆಚ್ಚಗಿನ ಭಾರಕ್ಕೆ ಇಂದುವಿನ ಕಣ್ಣು ಒದ್ದೆಯಾಯಿತು. ಒಂದು ಅಕ್ಷರ ಬಾರದವಳ ಕೈಯಲ್ಲಿ ಮಗುವಿಗೆ ಮೊದಲ ಅಕ್ಷರ ತಿದ್ದಿಸುತ್ತಿದ್ದಾರೆ. ಎದ್ದು ಹೋಗಲೇ, ಅಚ್ಯುತ ಮಾಡಿಸಲಿ ಎನ್ನಲೇ ಎಂದು ಯೋಚಿಸುತ್ತಿರುವಾಗಲೇ ಅವಳ ಕೈ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಇಳಿದಿತ್ತು. ಕೈಗೆ ಯಾವ ಅನುಮಾನವೂ ಇದ್ದಂತಿರಲಿಲ್ಲ. ಸುತ್ತಿ, ಬಾಗಿ, ಮೇಲೆ ಹೋಗಿ, ಅ. ಪಕ್ಕದಲ್ಲಿ ಆ. ಇ. ಈ. ಬಾಯಿ ಹೇಳುತ್ತಿತ್ತು, ಕೈ ಬರೆಯುತ್ತಿತ್ತು. "ಇಟ್ ಟಿಕಲ್ಸ್, ಅಜ್ಜಿ" ಎಂದು ಮಗು ನಕ್ಕಿತು. ಬರೆಯುವುದು ಹೋಗಿಲ್ಲ ಎಂಬುದು ಅವಳಿಗೆ ಗೊತ್ತಿದ್ದದ್ದೇ. ಆಸ್ಪತ್ರೆಯಲ್ಲಿ ತನ್ನ ಹೆಸರು ತಾನೇ ಬರೆದು, ಬರೆದದ್ದೇನೆಂದು ಓದಲಾಗದೆ ಕಾಗದ ಹರಿದು ಹಾಕಿದ್ದಳು. ಆಮೇಲೆ ಪೆನ್ನು ಮುಟ್ಟಿರಲಿಲ್ಲ.

ಮಗು ತಟ್ಟೆಯ ನಡುವಿನ ಒಂದು ಅಕ್ಷರಕ್ಕೆ ಬೆರಳಿಟ್ಟು, "ವಾಟ್ ಈಸ್ ದಿಸ್ ಒನ್?" ಎಂದು ಕೇಳಿತು.

ಇಂದು ನೋಡಿದಳು. ಅಕ್ಕಿಯಲ್ಲಿ ಒಂದು ಗೀರು. ತಾನೇ ಈಗಷ್ಟೇ ಬರೆದದ್ದು, ಆದರೂ ಯಾವುದೆಂದು ಕಣ್ಣು ಹೇಳಲೊಲ್ಲದು. ಎಲ್ಲರೂ ಕಾಯುತ್ತಿದ್ದರು. ಹೊತ್ತು ಕಳೆಯಲೆಂದು ಮಗುವಿನ ಬೆರಳು ಹಿಡಿದು ಆ ಗೀರಿನ ಮೇಲೆಯೇ ಇನ್ನೊಂದು ಸಲ ಎಳೆಸಿದಳು. ಬೆರಳು ಸುತ್ತು ಮುಗಿಸುವುದರೊಳಗೆ ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಹೆಗಲಿಗೆ ಏನೋ ಹತ್ತಿ ಬಂತು. "ಇ" ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿದಳು. ಕ್ರಮದಿಂದ ಊಹಿಸಿದೆನೋ? ಪಕ್ಕದ್ದಕ್ಕೆ ಹೋದಳು, ಕಣ್ಣು ಮುಚ್ಚಿ ಎಳೆದಳು, ಈ. ಅಲ್ಲೂ ಅನುಮಾನ, ಇ ಆದ ಮೇಲೆ ಈ ತಾನೆ ಬರುವುದು. ತಲೆಯೆತ್ತಿ ಪರ್ವೀನಳನ್ನು ನೋಡಿದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಪರ್ವೀನ್ ಎರಡು ಕ್ಷಣ ಅವಳ ಮುಖವನ್ನೇ ನೋಡಿ, ಮೊಣಕಾಲ ಮೇಲೆ ಸರಿದು ಬಂದು, ಅಂಗೈಯಿಂದ ಅಕ್ಕಿ ಸವರಿ, ಒಂದು ಅಕ್ಷರ ಬರೆದಳು.

"ಇದು?"

ಕಣ್ಣಿಗೆ ಮತ್ತೆ ಬರೀ ಗೀರು. ಇಂದು ಅದರ ಮೇಲೆ ತನ್ನ ಬೆರಳಿಟ್ಟು ನಿಧಾನಕ್ಕೆ ನಡೆಸಿದಳು. "ಮ" ಎಂದಳು.

ಪರ್ವೀನ್ ಸವರಿ ಇನ್ನೊಂದು ಬರೆದಳು. "ಗ." ಮತ್ತೊಂದು. ಅದಕ್ಕೆ ಎರಡು ಸಲ ಬೆರಳು ಓಡಿಸಬೇಕಾಯಿತು. "ಳು" ಎಂದಳು ಇಂದು.

"ಏನಿದು ಆಟ, ಮಗುವಿಗೆ ಹೇಳ್ಕೊಡೋದು ಬಿಟ್ಟು?" ಎಂದ ಅಚ್ಯುತ.

ಹೇಳದೆ ಇರಲು ಈಗ ಅವಳಿಗೆ ಸಾಧ್ಯವೇ ಇರಲಿಲ್ಲ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ, ಮಗುವಿನ ಜುಟ್ಟಿನ ಮೇಲೆ ಗಲ್ಲ ಊರಿಕೊಂಡೇ ಹೇಳಿದಳು. "ನಂಗೆ ಕನ್ನಡ ಬಂದೇ ಇರ್ಲಿಲ್ಲ ರೀ. ಕಾರಲ್ಲಿ ಸುಳ್ಳು ಹೇಳ್ದೆ. ಬೆಳಗ್ಗೆ ಓದಿದ್ದೂ ಓದಿದ್ದಲ್ಲ, ಬಾಯಿಪಾಠ."

ಅಚ್ಯುತ ನಿಂತವನು ಅಲ್ಲೇ ನೆಲದ ಮೇಲೆ ಕೂತ. ಅವನು ಬೈಯುತ್ತಾನೆ ಎಂದು ಇಂದು ಕಾದಳು, ಬೈದರೆ ಹಗುರವಾಗುತ್ತಿತ್ತು.

"ನಾನು ದಿನಾ ಎಷ್ಟನೇ ಪುಟ ಅಂತ ಕೇಳ್ತಿದ್ದೆನಲ್ಲ" ಎಂದ ಅವನು. "ದಿನಾ ಕೇಳ್ತಿದ್ದೆ."

"ನೀವು ಖುಷಿಗೆ ಕೇಳ್ತಿದ್ರಿ."

"ನೀನು ದಿನಾ ಒಂದು ನಂಬರು ಹೇಳ್ತಿದ್ದೆ." ಅವನು ಎದ್ದು ಅಡುಗೆಮನೆಗೆ ಹೋದ. ನಲ್ಲಿಯ ಸದ್ದು ಕೇಳಿಸಿತು. ಬರುವಾಗ ಕೈಯಲ್ಲಿ ಏನೂ ಇರಲಿಲ್ಲ. ಏನು ತರಲು ಹೋಗಿದ್ದೆನೆಂದು ಮರೆತವನಂತೆ ನಿಂತು, ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟ. ಮಗು, "ಅಗೇನ್, ಅಜ್ಜಿ, ಅಗೇನ್" ಎಂದು ಅಕ್ಕಿ ಕೆದಕುತ್ತಿತ್ತು. ನಿಹಾರಿಕಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಊಟಕ್ಕೆ ಎಲೆ ಹಾಕುತ್ತೇನೆ ಎಂದು ಎದ್ದಳು.

ಊಟವಾದ ಮೇಲೆ ಬಿಸಿಲು ಕಿಟಕಿಯ ಎಡಕ್ಕೆ ಬಂತು. ಮಗು ಒಳಗೆ ಮಲಗಿತ್ತು. ಇಂದು ಕುರ್ಚಿಯಲ್ಲಿ ಕೂತಳು. ಅದು ಮನೆಗೆ ಬಂದ ಎರಡು ವಾರದಲ್ಲಿ ಎಷ್ಟು ಸಲ ಸರಿಸಿದ್ದಳೋ, ಬೆನ್ನಾನಿಸಿ ನೆಮ್ಮದಿಯಾಗಿ ಕೂತದ್ದು ಇದೇ ಮೊದಲು. ಅವಳ ಕೈಯಲ್ಲಿದ್ದದ್ದು ದೋಣಿಯ ಪುಸ್ತಕವಲ್ಲ. ಹಿಂದಿನ ವರ್ಷ ಸೂಟ್‌ಕೇಸಿನಲ್ಲಿ ಬಂದ, ಒಂದು ಸಲವೂ ಬಿಡಿಸಿರದ ಪುಸ್ತಕ. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಪರ್ವೀನ್ ಕಾಲಿಡುವ ಮಣೆಯನ್ನು ಎಳೆದುಕೊಂಡು ಅದರ ಮೇಲೆ ಕೂತಳು. ಅವಳ ಬಳಿಯೂ ಇದರ ಒಂದು ಪ್ರತಿ ಇದೆ, ಡಬ್ಲಿನ್ನಿನ ಮನೆಯಲ್ಲಿ. ಇನ್ನೂ ಶುರು ಮಾಡಿಲ್ಲ, ನಿನ್ನ ಬಿಟ್ಟು ಹೇಗೆ ಮಾಡಲಿ ಎಂದಳು. ಅಚ್ಯುತ ಕುರ್ಚಿಯ ಕೈಗೆ ಒರಗಿ ನಿಂತ.

ಅಚ್ಚಿನ ಅಕ್ಷರ ಬೆರಳಿಗೆ ಸಣ್ಣದಾಯಿತು. ಅದಕ್ಕೆ ಇಂದು, ಕಣ್ಣಿನಿಂದ ಅಕ್ಷರದ ಅಂಚು ಹಿಡಿದು, ತೊಡೆಯ ಮೇಲಿನ ಕೌದಿಯ ಮೇಲೆ ಅದನ್ನೇ ದೊಡ್ಡದಾಗಿ ಬೆರಳಿನಿಂದ ಬರೆಯತೊಡಗಿದಳು. ಬರೆದಾಗ ಅಕ್ಷರ ತನ್ನ ಹೆಸರು ಹೇಳುತ್ತಿತ್ತು. ಮೊದಲನೆಯದು "ಆ" ಎಂದಿತು. ಆಮೇಲೆ "ವ". ಅದರ ಮುಂದಿನದಕ್ಕೆ ಬಾಲದಂತೆ ಏನೋ ಅಂಟಿಕೊಂಡಿತ್ತು. ಎಷ್ಟು ಬರೆದರೂ ಅದು ಬಾಯಿ ಬಿಡಲಿಲ್ಲ. ಬೆವರು ಬಂತು. ಕೌದಿ ಸರಿಸಿದಳು, ಮತ್ತೆ ಹೊದ್ದಳು. ಪರ್ವೀನ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು, ಹೊತ್ತು ಅವಳಪ್ಪನ ಮನೆಯ ಸ್ವತ್ತು ಎಂಬಂತೆ. ಷ, ಅದರ ಜೊತೆಗೆ ಅರ್ಕಾವೊತ್ತು. "ವರ್ಷ" ಎಂದಳು ಇಂದು. "ಆ ವರ್ಷ."

ಅಚ್ಯುತನಿಗೆ ಹುಟ್ಟಿನಿಂದಲೇ ತಾಳ್ಮೆ ಇಲ್ಲ. ಬೇರೆಯವರ ಅರ್ಧ ಮಾತನ್ನು ತಾನೇ ಮುಗಿಸಿಕೊಡುವ ಉಪಕಾರ ಅವನ ಸ್ವಭಾವ. ಆದರೂ ತುಟಿ ಬಿಗಿಹಿಡಿದು ನಿಂತಿದ್ದ. ಹ. ಲ. ಅಲ್ಲಿಗೆ ಅವಳ ಬೆರಳು ಮತ್ತೆ ನಿಂತಿತು. ಅವನು ಬಗ್ಗಿ ಪುಟ ನೋಡಿದ, ಉಸಿರೆಳೆದುಕೊಂಡ, "ಹಲ..." ಎಂದು ಬಾಯಿ ತೆರೆದ.

"ಹೇಳ್ಬೇಡಿ ರೀ" ಎಂದಳು ಇಂದು.

ಅವನು ಬಾಯಿ ಮುಚ್ಚಿಕೊಂಡ. ಈ ಮನುಷ್ಯನ ಮೇಲೆ, ಮಣೆಯ ಮೇಲೆ ಕೂತ ಗೆಳತಿಯ ಮೇಲೆ, ಇನ್ನೂ ತನ್ನ ಬಳಿ ಉಳಿದಿರುವ ಈ ಒಂದು ಬೆರಳಿನ ಮೇಲೆ ಅವಳಿಗೆ ಅಳು ಬರುವಷ್ಟು ಪ್ರೀತಿ ಬಂತು. ಆದರೆ ಅಳಲು ಪುರುಸೊತ್ತಿರಲಿಲ್ಲ. ಸಿ. ನ. "ಹಲಸಿನ" ಎಂದಳು. ಆ ವರ್ಷ ಹಲಸಿನ. ಹಲಸಿನ ಏನು? ಮರವೋ, ಹಣ್ಣೋ, ಹಪ್ಪಳವೋ? ಬೆಳಿಗ್ಗೆ ನಿಲ್ಲದೆ ಸುರಿದ ಅಷ್ಟೂ ಮಾತುಗಳಲ್ಲಿ ಮುಂದೇನೆಂದು ಗೊತ್ತಿಲ್ಲದ ಒಂದು ಪದವೂ ಇರಲಿಲ್ಲ. ಈಗ ಮುಂದಿನ ಪದ ಏನೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಿಳಿಯಬೇಕೆಂದರೆ ಓದಬೇಕಿತ್ತು. ಇಂದು ಕೌದಿಯನ್ನು ಮೊಣಕಾಲಿಗೆ ಬಿಗಿಯಾಗಿ ಎಳೆದುಕೊಂಡು ಮುಂದಿನ ಅಕ್ಷರ ಬರೆಯತೊಡಗಿದಳು.